ಕ್ರೈಸ್ತರ ಎರಡು ಪಂಥಗಳು: ಮುಕ್ತಿ, ಪೂಜಾವಸ್ತು ಮತ್ತು ಪಾಪಕ್ಷಮೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಸುತ್ತಿನ ಭಕ್ತರಿಗೆ ಕ್ರೈಸ್ತಧರ್ಮದ ಪರಿಚಯವು ಬಹುಮಟ್ಟಿಗೆ ಶಾಲೆ, ಆಸ್ಪತ್ರೆ ಹಾಗೂ ಬೆಂಗಳೂರಿನ ನೆಂಟಸ್ತಿಕೆಗಳ ಮೂಲಕ ಆದದ್ದು. ಮಕ್ಕಳು ಕಾನ್ವೆಂಟಿನಲ್ಲಿ ಓದುತ್ತಾರೆ. ಬೆಂಗಳೂರಿನಲ್ಲಿ ನೆಲೆಸಿದ ನಮ್ಮವರು ಗುರುವಾರ ವಿವೇಕನಗರದ ಬಾಲಯೇಸುವಿನ ಗುಡಿಗೆ ಹೋಗಿ ಬಂದದ್ದನ್ನು ಸಹಜವಾಗಿ ಹೇಳುತ್ತಾರೆ. ಅದೇ ಕಚೇರಿಯಲ್ಲಿ ಕೆಲಸ ಮಾಡುವ ಮತ್ತೊಬ್ಬ ಕ್ರೈಸ್ತರು ಆ ಗುಡಿಗೆ ಎಂದೂ ಕಾಲಿಡುವುದಿಲ್ಲ, ಮನೆಯಲ್ಲಿ ಒಂದು ಪ್ರತಿಮೆಯನ್ನೂ ಇಟ್ಟಿರುವುದಿಲ್ಲ. ಇಬ್ಬರೂ ಯೇಸುಕ್ರಿಸ್ತನನ್ನೇ ನಂಬುವವರು, ಇಬ್ಬರ ಕೈಯಲ್ಲಿರುವುದೂ ಬೈಬಲ್ಲೇ. ಹಾಗಿದ್ದ ಮೇಲೆ ಈ ಭೇದವೇಕೆ ಎಂದು ಭಕ್ತರು ಕೇಳುವುದುಂಟು. ಆ ಪ್ರಶ್ನೆಗೆ ನಮಗೆ ತಿಳಿದಷ್ಟನ್ನು ಇಲ್ಲಿ ವಿವರಿಸುತ್ತೇವೆ. ಇದು ಪರಮತದ ಖಂಡನೆಯೂ ಅಲ್ಲ, ಮಂಡನೆಯೂ ಅಲ್ಲ. ಆದರೆ ಈ ವಿವಾದದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಮೈಸೂರು ಸೀಮೆಯ ಜನರನ್ನೂ ಕುರಿತೇ ಎಂಬುದರಿಂದ, ನಾವು ಇದನ್ನು ದೂರದ ಊರಿನ ಜಗಳವೆಂದು ಬದಿಗಿಡುವಂತಿಲ್ಲ.

ಯಾರು ಯಾರು?

ರೋಮಿನ ಪೋಪರನ್ನು ಪರಮಗುರುವೆಂದು ಒಪ್ಪುವವರು ಕ್ಯಾಥೊಲಿಕರು. 16ನೆಯ ಶತಮಾನದಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್, ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ, ಜಿನೀವಾದಲ್ಲಿ ನೆಲೆಸಿದ ಕ್ಯಾಲ್ವಿನ್ ಮುಂತಾದವರ ಸುಧಾರಣೆಯಿಂದ ಬೇರೆಯಾದವರನ್ನು ಒಟ್ಟಾಗಿ ಪ್ರೊಟೆಸ್ಟಂಟರು ಎನ್ನುತ್ತಾರೆ. ಈ ಎರಡನೆಯ ಗುಂಪಿಗೆ ಒಬ್ಬ ಗುರುವಿಲ್ಲ, ಒಂದು ಪೀಠವಿಲ್ಲ. ಲೂಥರನ್, ಆಂಗ್ಲಿಕನ್, ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಪೆಂತೆಕೋಸ್ತ ಎಂದು ಅನೇಕ ಕವಲುಗಳಿವೆ. ಇವುಗಳಲ್ಲಿ ಕೆಲವು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದುಗೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಆದವು.

ನಮ್ಮ ಜಿಲ್ಲೆಯ ಕ್ಯಾಥೊಲಿಕರು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು. ಪ್ರೊಟೆಸ್ಟಂಟರ ಹಳೆಯ ಬೇರು ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನದು. ಆ ಮಿಷನ್ನು 1830ರ ದಶಕದಲ್ಲೇ ನಮ್ಮ ನೆರೆಯ ಗುಬ್ಬಿಯಲ್ಲಿ, ಚನ್ನಬಸವೇಶ್ವರರ ಕ್ಷೇತ್ರವೆಂದು ನಾವು ಗೌರವಿಸುವ ಊರಿನಲ್ಲಿ, ಠಾಣೆಯನ್ನು ತೆರೆಯಿತು. ಅಲ್ಲಿದ್ದ ವಿಲಿಯಂ ಆರ್ಥರ್ ಎಂಬ ತರುಣ ಮಿಷನರಿ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿದ ಮೇಲೆ 1847ರಲ್ಲಿ ಮೈಸೂರು ಸೀಮೆಯ ತನ್ನ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದನು. ಕರಾವಳಿಯಲ್ಲಿ ಕ್ಯಾಥೊಲಿಕರು ಪೋರ್ಚುಗೀಸರ ಕಾಲದಿಂದಲೂ ಇದ್ದಾರೆ. ಪ್ರೊಟೆಸ್ಟಂಟರಾದ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ.

ನುಡಿಯಿಂದಲೂ ಗುರುತಿಸಬಹುದು. ಕ್ಯಾಥೊಲಿಕರು ತಮ್ಮ ಆರಾಧನೆಯನ್ನು ಬಲಿಪೂಜೆ ಎಂದೂ, ಅದರಲ್ಲಿ ಕೊಡುವ ರೊಟ್ಟಿಯನ್ನು ಪರಮಪ್ರಸಾದವೆಂದೂ, ಪಾದ್ರಿಯನ್ನು ಗುರುಗಳೆಂದೂ ಕರೆಯುತ್ತಾರೆ. ಪ್ರೊಟೆಸ್ಟಂಟರು ಆರಾಧನೆ, ಕರ್ತನ ಭೋಜನ, ಸಭಾಪಾಲಕರು ಎನ್ನುತ್ತಾರೆ. ಗುರು, ಪೂಜೆ, ಪ್ರಸಾದ ಎಂಬ ನಮಗೆ ಆಪ್ತವಾದ ಮಾತುಗಳನ್ನು ಒಂದು ಪಂಥ ಉಳಿಸಿಕೊಂಡು ಇನ್ನೊಂದು ಪಂಥ ಹೆಚ್ಚಾಗಿ ಬಿಟ್ಟದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಮುಂದೆ ಹೇಳಲಿರುವ ಭೇದವೆಲ್ಲ ಆ ಮಾತುಗಳಲ್ಲೇ ಅಡಗಿದೆ.

ಮುಕ್ತಿ: ಕೃಪೆಯೋ, ಕ್ರಿಯೆಯೋ?

ಕ್ಯಾಥೊಲಿಕರು ಸತ್ಕರ್ಮದಿಂದ ಮುಕ್ತಿಯನ್ನು ಸಂಪಾದಿಸುತ್ತಾರೆ, ಪ್ರೊಟೆಸ್ಟಂಟರು ಬರಿಯ ನಂಬಿಕೆಯಿಂದ ಪಡೆಯುತ್ತಾರೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಇದು ಅರ್ಧಸತ್ಯ. ದೇವರ ಕೃಪೆಯಿಲ್ಲದೆ ಮನುಷ್ಯನು ತನ್ನ ಬಲದಿಂದ ಉದ್ಧಾರವಾಗಲಾರನೆಂಬುದನ್ನು ಎರಡೂ ಪಂಥಗಳು ಒಪ್ಪುತ್ತವೆ. ಭೇದವಿರುವುದು ಆ ಕೃಪೆಯು ಮನುಷ್ಯನಲ್ಲಿ ಏನು ಮಾಡುತ್ತದೆ ಎಂಬ ವಿಷಯದಲ್ಲಿ.

ಲೂಥರನು ಸನ್ಯಾಸಿಯಾಗಿ ಉಪವಾಸ, ಜಾಗರಣೆ, ಪಾಪನಿವೇದನೆಗಳಲ್ಲಿ ದೇಹವನ್ನು ದಂಡಿಸಿದವನು. ಎಷ್ಟು ಮಾಡಿದರೂ ಸಾಲದೆಂಬ ಭಯ ಅವನನ್ನು ಬಿಡಲಿಲ್ಲ. ಸಂತ ಪೌಲನು ರೋಮಿನವರಿಗೆ ಬರೆದ ಪತ್ರವನ್ನು ಓದುತ್ತ, ದೇವರು ಪಾಪಿಯನ್ನು ನೀತಿವಂತನೆಂದು ಎಣಿಸುವುದು ಅವನ ಸಾಧನೆಯನ್ನು ನೋಡಿ ಅಲ್ಲ, ಕ್ರಿಸ್ತನಲ್ಲಿ ಅವನಿಟ್ಟ ವಿಶ್ವಾಸವನ್ನು ನೋಡಿ ಎಂಬ ನಿಲುವಿಗೆ ಬಂದನು. ಬೈಬಲನ್ನು ಜರ್ಮನ್ ಭಾಷೆಗೆ ತರುವಾಗ ಆ ಪತ್ರದ ಮೂರನೆಯ ಅಧ್ಯಾಯದಲ್ಲಿ, ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದವನ್ನು ವಿಶ್ವಾಸದ ಜೊತೆಗೆ ಸೇರಿಸಿದನು. ಅರ್ಥ ಸ್ಪಷ್ಟವಾಗಲೆಂದು ಸೇರಿಸಿದೆನೆಂಬುದು ಅವನ ಸಮರ್ಥನೆ. ಕ್ಯಾಥೊಲಿಕ್ ಪಂಡಿತರು ಯಾಕೋಬನ ಪತ್ರದ ಎರಡನೆಯ ಅಧ್ಯಾಯವನ್ನು ಮುಂದಿಟ್ಟರು. ಅಲ್ಲಿ ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂಬ ಬೋಧೆಯಿದೆ. ಒಂದು ಪದದ ಮೇಲೆ ಯೂರೋಪು ಇಬ್ಭಾಗವಾಯಿತೆಂದರೆ ಅತಿಶಯೋಕ್ತಿಯಾದೀತು, ಆದರೆ ಪೂರ್ಣ ಸುಳ್ಳಲ್ಲ.

1547ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ್ದ ಕ್ಯಾಥೊಲಿಕ್ ಮಹಾಸಭೆ ತನ್ನ ನಿಲುವನ್ನು ವಿಧಿಸಿತು. ಅದರಂತೆ ಕೃಪೆಯು ಮನುಷ್ಯನನ್ನು ಹೊರಗಿನಿಂದ ನೀತಿವಂತನೆಂದು ಘೋಷಿಸುವುದಷ್ಟೇ ಅಲ್ಲ, ಒಳಗಿನಿಂದ ಬದಲಿಸುತ್ತದೆ. ಆ ಕೃಪೆಯೊಡನೆ ಮನುಷ್ಯನು ಸಹಕರಿಸಬೇಕು. ಸತ್ಕರ್ಮದಿಂದ ಅದು ವೃದ್ಧಿಸುತ್ತದೆ, ಮಹಾಪಾಪದಿಂದ ಕಳೆದುಹೋಗುತ್ತದೆ. ಪ್ರೊಟೆಸ್ಟಂಟರು ಸತ್ಕರ್ಮವನ್ನು ಬೇಡವೆನ್ನುವುದಿಲ್ಲ. ಅದು ಮುಕ್ತಿಯ ಫಲವೇ ಹೊರತು ಕಾರಣವಲ್ಲ ಎನ್ನುತ್ತಾರೆ. ತೆಂಗಿನ ಸೀಮೆಯವರಿಗೆ ಹೀಗೆ ಹೇಳಬಹುದು: ಮರ ಜೀವಂತವಾಗಿದ್ದರೆ ಹೊಂಬಾಳೆ ಒಡೆಯುತ್ತದೆ, ಹೊಂಬಾಳೆ ಒಡೆದದ್ದರಿಂದ ಮರಕ್ಕೆ ಜೀವ ಬರುವುದಿಲ್ಲ ಎಂಬುದು ಪ್ರೊಟೆಸ್ಟಂಟ್ ವಾದ. ಮಳೆ ದೇವರದಾದರೂ ಪಾತಿ ಮಾಡಿ ನೀರು ನಿಲ್ಲಿಸದವನ ತೋಟ ಒಣಗೀತು ಎಂಬುದು ಕ್ಯಾಥೊಲಿಕ್ ವಾದ.

ಗುಬ್ಬಿಗೆ ಬಂದ ಮೆಥಡಿಸ್ಟರ ನಿಲುವಿನಲ್ಲಿ ಒಂದು ವಿಶೇಷವಿದೆ. ಅವರ ಮೂಲಪುರುಷನಾದ ಜಾನ್ ವೆಸ್ಲಿಗೆ 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ ತನ್ನ ಪಾಪಗಳು ಕ್ಷಮಿಸಲ್ಪಟ್ಟವೆಂಬ ನಿಶ್ಚಯ ಉಂಟಾಯಿತು. ಅಂಥ ನಿಶ್ಚಯವು ಪ್ರತಿ ಭಕ್ತನಿಗೂ ಸಾಧ್ಯ, ದೇವರ ಕೃಪೆ ಎಲ್ಲರಿಗೂ ತೆರೆದಿದೆ, ಮತ್ತು ನಂಬಿದವನು ಶುದ್ಧಜೀವನದಲ್ಲಿ ಬೆಳೆಯಲೇಬೇಕು ಎಂದು ಆತ ಬೋಧಿಸಿದನು. ಟ್ರೆಂಟ್ ಸಭೆಯಾದರೋ, ತಾನು ಕೃಪೆಯನ್ನು ಪಡೆದೆನೆಂದು ಯಾರೂ ತಪ್ಪಲಾರದ ನಿಶ್ಚಯದಿಂದ ತಿಳಿಯಲಾರರು ಎಂದಿತ್ತು. ನಮ್ಮ ದೃಷ್ಟಿಯಲ್ಲಿ ಸಾಮಾನ್ಯ ಭಕ್ತನ ಬದುಕಿಗೆ ತಟ್ಟುವ ಭೇದ ಇದೇ. ಒಬ್ಬನು ‘ನಾನು ರಕ್ಷಿಸಲ್ಪಟ್ಟೆ’ ಎಂದು ಧೈರ್ಯದಿಂದ ಹೇಳುತ್ತಾನೆ. ಇನ್ನೊಬ್ಬನಿಗೆ ಆ ಮಾತು ಅಹಂಕಾರವಾಗಿ ಕೇಳಿಸುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಹಂಚುವವರು ‘ನೀವು ರಕ್ಷಣೆ ಹೊಂದಿದ್ದೀರಾ’ ಎಂದು ಕೇಳುವುದರ ಹಿಂದೆಯೂ, ಕ್ಯಾಥೊಲಿಕರು ಹಾಗೆ ಕೇಳುವುದು ಅಪರೂಪವಾಗಿರುವುದರ ಹಿಂದೆಯೂ ಈ ಭೇದವಿದೆ.

ಪಾಪಕ್ಷಮೆ: ಯಾರ ಮುಂದೆ ನಿವೇದಿಸಬೇಕು?

ಕ್ಯಾಥೊಲಿಕ್ ದೇವಾಲಯಗಳಲ್ಲಿ ಗೋಡೆಯ ಬದಿಗೆ ಮರದ ಒಂದು ಸಣ್ಣ ಗೂಡಿರುವುದನ್ನು ನೋಡಿರಬಹುದು. ಅದು ಪಾಪನಿವೇದನೆಯ ಸ್ಥಾನ. ಭಕ್ತನು ಮನಸಾರೆ ಪಶ್ಚಾತ್ತಾಪಪಟ್ಟು, ಗುರುವಿನ ಮುಂದೆ ಪಾಪವನ್ನು ಬಾಯಿಬಿಟ್ಟು ಹೇಳಿ, ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ಒಪ್ಪಿಕೊಂಡಾಗ ಗುರು ಕ್ರಿಸ್ತನ ಅಧಿಕಾರದಿಂದ ಕ್ಷಮೆಯನ್ನು ನುಡಿಯುತ್ತಾರೆ. ವರ್ಷಕ್ಕೆ ಒಮ್ಮೆಯಾದರೂ ಹೀಗೆ ಮಾಡಬೇಕೆಂಬ ನಿಯಮ 1215ರ ಲ್ಯಾಟರನ್ ಮಹಾಸಭೆಯದು. ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ, ನ್ಯಾಯಾಲಯ ಕೇಳಿದರೂ, ಹೊರಗೆಡಹುವಂತಿಲ್ಲ. ಪುನರುತ್ಥಾನದ ಬಳಿಕ ಯೇಸು ಶಿಷ್ಯರಿಗೆ ಪಾಪಗಳನ್ನು ಕ್ಷಮಿಸುವ ಅಧಿಕಾರ ಕೊಟ್ಟನೆಂದು ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವೇ ಇದಕ್ಕೆ ಆಧಾರ.

ಪ್ರೊಟೆಸ್ಟಂಟರು ಅದೇ ಪ್ರಸಂಗವನ್ನು ಸುವಾರ್ತೆ ಸಾರುವ ಅಧಿಕಾರವೆಂದು ಓದುತ್ತಾರೆ. ದೇವರಿಗೂ ಮನುಷ್ಯನಿಗೂ ನಡುವೆ ಕ್ರಿಸ್ತನೊಬ್ಬನೇ ಮಧ್ಯಸ್ಥ. ಪಾಪವನ್ನು ದೇವರಿಗೇ ಹೇಳಿಕೊಂಡರೆ ಸಾಕು. ಸಿ.ಎಸ್.ಐ. ಆರಾಧನೆಯಲ್ಲಿ ಸಭೆಯೆಲ್ಲ ಒಂದಾಗಿ ಪಾಪವನ್ನು ಒಪ್ಪಿಕೊಳ್ಳುತ್ತದೆ, ಸಭಾಪಾಲಕರು ಕ್ಷಮೆಯ ವಾಗ್ದಾನವನ್ನು ಸಾರುತ್ತಾರೆ. ಯಾರ ಪಾಪ ಏನೆಂದು ಪಕ್ಕದವರಿಗೆ ತಿಳಿಯುವುದಿಲ್ಲ. ಲೂಥರ್ ಮಾತ್ರ ಖಾಸಗಿ ನಿವೇದನೆಯನ್ನು ಕಡ್ಡಾಯ ಮಾಡದಿದ್ದರೂ ಕೊನೆಯವರೆಗೆ ಮೆಚ್ಚಿದನೆಂಬುದನ್ನು ಇಂದಿನ ಪ್ರೊಟೆಸ್ಟಂಟರಲ್ಲೇ ಹಲವರು ಮರೆತಿದ್ದಾರೆ.

ಮೂಲ ಜಗಳ ಹತ್ತಿಕೊಂಡದ್ದು ಇದೇ ವಿಷಯದ ಒಂದು ಕವಲಿನಿಂದ. ಪಾಪ ಕ್ಷಮಿಸಲ್ಪಟ್ಟರೂ ಅದರ ದಂಡ ಸ್ವಲ್ಪ ಉಳಿಯುತ್ತದೆ, ಅದನ್ನು ಇಹದಲ್ಲಿ ಪ್ರಾಯಶ್ಚಿತ್ತದಿಂದಲೋ, ಮರಣಾನಂತರ ಶುದ್ಧೀಕರಣದ ಸ್ಥಿತಿಯಲ್ಲೋ ತೀರಿಸಬೇಕು ಎಂಬುದು ಕ್ಯಾಥೊಲಿಕ್ ಬೋಧೆ. ಆ ದಂಡವನ್ನು ಕಡಿಮೆ ಮಾಡುವ ರಿಯಾಯಿತಿಯನ್ನು ಧರ್ಮಸಭೆ ನೀಡಬಲ್ಲದು. ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೆ ಹಣ ಕೂಡಿಸಲು ಟೆಟ್ಜೆಲ್ ಎಂಬ ಸನ್ಯಾಸಿ ಈ ರಿಯಾಯಿತಿಯ ಪತ್ರಗಳನ್ನು ಜರ್ಮನಿಯಲ್ಲಿ ಮಾರುತ್ತ ಬಂದಾಗ, 1517ರ ಅಕ್ಟೋಬರ್ 31ರಂದು ಲೂಥರ್ 95 ವಾದಾಂಶಗಳನ್ನು ಹೊರಡಿಸಿದನು. ಪತ್ರ ಕೊಂಡರೆ ಪಾಪವೇ ಹೋಗುತ್ತದೆಂದು ಜನ ನಂಬಿದ್ದು ಕ್ಯಾಥೊಲಿಕ್ ತತ್ತ್ವವಾಗಿರಲಿಲ್ಲ. ಆದರೆ ಹಾಗೆ ನಂಬುವಂತೆ ಬಿಟ್ಟವರು ಹೊಣೆಯಿಂದ ತಪ್ಪಿಸಿಕೊಳ್ಳಲಾರರು ಎಂಬುದು ನಮ್ಮ ಎಣಿಕೆ. ಆ ಮಾರಾಟವನ್ನು 1567ರಲ್ಲಿ ಪೋಪರೇ ನಿಲ್ಲಿಸಿದರು. ರಿಯಾಯಿತಿಯ ತತ್ತ್ವ ಮಾತ್ರ ಉಳಿದಿದೆ. 2025ರ ಜೂಬಿಲಿ ವರ್ಷದಲ್ಲಿಯೂ ಯಾತ್ರಿಕರಿಗೆ ಅದನ್ನು ಘೋಷಿಸಲಾಯಿತು.

ಸತ್ತವರಿಗಾಗಿ ಪ್ರಾರ್ಥನೆಯೂ ಇಲ್ಲಿಂದಲೇ ಬರುತ್ತದೆ. ನವೆಂಬರ್ 2ರಂದು ಕ್ಯಾಥೊಲಿಕರು ಸಮಾಧಿಗಳಿಗೆ ಹೂವಿಟ್ಟು, ಮೊಂಬತ್ತಿ ಹಚ್ಚಿ, ಮೃತರ ಆತ್ಮಶುದ್ಧಿಗಾಗಿ ಪೂಜೆ ಮಾಡಿಸುತ್ತಾರೆ. ಬಹುಪಾಲು ಪ್ರೊಟೆಸ್ಟಂಟರು ಸಮಾಧಿಗೆ ಹೂವಿಟ್ಟರೂ ಮೃತರ ಪರವಾಗಿ ಬೇಡುವುದಿಲ್ಲ. ಅವರ ಲೆಕ್ಕ ಆಗಲೇ ಮುಗಿದಿದೆ. ಲಿಂಗೈಕ್ಯರಾದವರಿಗೆ ಶ್ರಾದ್ಧವಿಲ್ಲವೆಂಬ ಶರಣರ ನಿಲುವನ್ನು ಬಲ್ಲವರಿಗೆ ಈ ವಾದ ಅಪರಿಚಿತವಲ್ಲ. ನಮ್ಮಲ್ಲೂ ಆ ನಿಲುವನ್ನು ಬಾಯಲ್ಲಿ ಹೇಳಿ, ಅಮಾವಾಸ್ಯೆಯಂದು ಎಡೆ ಇಡುವ ಮನೆಗಳಿವೆ.

ಪೂಜಾವಸ್ತುಗಳು

ನಮ್ಮ ಸೀಮೆಯಿಂದಲೇ ಒಂದು ವಸ್ತುವನ್ನು ತೆಗೆದುಕೊಳ್ಳೋಣ. ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚೆ ಗರಿಗಳ ಭಾನುವಾರ ಬರುತ್ತದೆ. ಯೇಸು ಜೆರೂಸಲೇಮಿಗೆ ಬಂದಾಗ ಜನರು ಖರ್ಜೂರದ ಗರಿ ಹಿಡಿದು ಎದುರುಗೊಂಡರಂತೆ; ದಕ್ಷಿಣ ಭಾರತದ ಕ್ರೈಸ್ತರು ಅದಕ್ಕೆ ತೆಂಗಿನ ಎಳೆಗರಿಯನ್ನು ಬಳಸುವುದುಂಟು. ಎರಡೂ ಪಂಥದವರು ಗರಿ ಹಿಡಿದು ಮೆರವಣಿಗೆ ಹೋಗುತ್ತಾರೆ. ಆದರೆ ಕ್ಯಾಥೊಲಿಕರ ಗರಿಯನ್ನು ಗುರುಗಳು ತೀರ್ಥ ಪ್ರೋಕ್ಷಿಸಿ ಆಶೀರ್ವದಿಸುತ್ತಾರೆ. ಅನಂತರ ಅದು ಬರಿಯ ಗರಿಯಲ್ಲ. ಅದನ್ನು ಶಿಲುಬೆಯಾಕಾರದಲ್ಲಿ ಹೆಣೆದು ವರ್ಷವಿಡೀ ಮನೆಯಲ್ಲಿ ಇಡುತ್ತಾರೆ, ಕಸದೊಡನೆ ಎಸೆಯುವಂತಿಲ್ಲ. ಮರುವರ್ಷ ಹಳೆಯ ಗರಿಗಳನ್ನು ಸುಟ್ಟ ಬೂದಿಯನ್ನು ಬೂದಿ ಬುಧವಾರದಂದು ಗುರುಗಳು ಭಕ್ತರ ಹಣೆಗೆ ಹಚ್ಚುತ್ತಾರೆ. ಆ ದಿನವನ್ನು ವಿಭೂತಿ ಬುಧವಾರವೆಂದೂ ಕರೆಯುವುದುಂಟು. ಪ್ರೊಟೆಸ್ಟಂಟನ ಗರಿಯಾದರೋ ಒಂದು ನೆನಪು. ಆ ನೆನಪು ಎಷ್ಟು ಪವಿತ್ರವಾದರೂ, ಗರಿ ಗರಿಯಾಗಿಯೇ ಉಳಿಯುತ್ತದೆ.

ಜಪಸರ, ತೀರ್ಥ, ಸಂತರ ಪ್ರತಿಮೆ, ಅವಶೇಷಗಳು ಎಲ್ಲಕ್ಕೂ ಇದೇ ಮಾತು. ಪ್ರತಿಮೆಯ ಮುಂದೆ ಮೊಣಕಾಲೂರುವ ಕ್ಯಾಥೊಲಿಕನು ಕಲ್ಲನ್ನೋ ಮರವನ್ನೋ ದೇವರೆನ್ನುವುದಿಲ್ಲ. ಪ್ರತಿಮೆಗೆ ಸಲ್ಲುವ ಗೌರವ ಅದು ತೋರಿಸುವ ವ್ಯಕ್ತಿಗೆ ತಲುಪುತ್ತದೆಂದು 787ರ ನೈಸೀಯ ಮಹಾಸಭೆ ಹೇಳಿತು, ಟ್ರೆಂಟ್ ಸಭೆ 1563ರಲ್ಲಿ ಅದನ್ನೇ ದೃಢಪಡಿಸಿತು. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ ಮಾತ್ರ ಎಂಬುದು ಅವರ ವಿಂಗಡಣೆ. ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದಲ್ಲಿ ಸೀರೆಯುಟ್ಟ ಮರಿಯಮ್ಮನವರ ತೇರು ಹೊರಡುವಾಗ ನೆರೆಯುವ ಜನಸಾಗರದಲ್ಲಿ ಈ ವಿಂಗಡಣೆ ಎಷ್ಟು ಜನರ ಮನಸ್ಸಿನಲ್ಲಿರುತ್ತದೆ ಎಂದು ಪ್ರೊಟೆಸ್ಟಂಟರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಹತ್ತು ಆಜ್ಞೆಗಳ ಎಣಿಕೆಯಲ್ಲೂ ಭೇದವಿದೆ. ವಿಗ್ರಹ ಮಾಡಬಾರದೆಂಬ ಮಾತನ್ನು ಕ್ಯಾಥೊಲಿಕರೂ ಲೂಥರನ್ನರೂ ಮೊದಲ ಆಜ್ಞೆಯೊಳಗೆ ಸೇರಿಸಿ ಎಣಿಸುತ್ತಾರೆ. ಕ್ಯಾಲ್ವಿನ್ ಪಂಥದವರು, ಆಂಗ್ಲಿಕನ್ನರು, ಮೆಥಡಿಸ್ಟರು ಅದನ್ನು ಎರಡನೆಯ ಆಜ್ಞೆಯೆಂದು ಬೇರೆಯಾಗಿ ನಿಲ್ಲಿಸುತ್ತಾರೆ. ಹೀಗಾಗಿ ಪ್ರೊಟೆಸ್ಟಂಟರಲ್ಲೂ ಏಕಾಭಿಪ್ರಾಯವಿಲ್ಲ. 1522ರಲ್ಲಿ ವಿಟೆನ್‌ಬರ್ಗಿನಲ್ಲಿ ಪ್ರತಿಮೆಗಳನ್ನು ಒಡೆಯಲು ಹೊರಟವರನ್ನು ಲೂಥರನೇ ತಡೆದನು. ಬಾಸೆಲ್ ನಗರದಲ್ಲಿ 1529ರಲ್ಲಿ ಜನರು ದೇವಾಲಯಗಳಿಗೆ ನುಗ್ಗಿ ಪ್ರತಿಮೆಗಳನ್ನು ಒಡೆದು ಸುಟ್ಟರು. ಅದೇ ನಗರದ ಹೆಸರು ಹೊತ್ತ ಮಿಷನ್ನು ಮುಂದೆ ನಮ್ಮ ಕರಾವಳಿಗೆ ಬಂದಿತು. ಇಂದು ಮಂಗಳೂರಿಗೆ ಹೋದವರು ಅಂತೋನಿಯೊ ಮೊಸ್ಕೆನಿ ಎಂಬ ಇಟಲಿಯ ಜೆಸುಯಿಟ್ ಸೋದರರು 19ನೆಯ ಶತಮಾನದ ಕೊನೆಯಲ್ಲಿ ಗೋಡೆ, ಛಾವಣಿಗಳ ತುಂಬ ಚಿತ್ರ ಬರೆದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನೂ, ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ಪರಂಪರೆಯ ಸರಳ ದೇವಾಲಯವನ್ನೂ ಒಂದೇ ಬೆಳಿಗ್ಗೆ ನೋಡಬಹುದು. ಈ ಲೇಖನದ ಅರ್ಧಭಾಗ ಅಲ್ಲಿ ಕಣ್ಣಿಗೇ ತಿಳಿಯುತ್ತದೆ.

ಮೈಸೂರು ಸೀಮೆಯ ವಿವಾದ

ಈಗ ನಮ್ಮನ್ನು ಕುರಿತ ಅಧ್ಯಾಯಕ್ಕೆ ಬರೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ ಮೈಸೂರು ಸೀಮೆಗೆ ಬಂದು, 1823ರವರೆಗೆ ನೆಲೆಸಿದ್ದರು. ದೇಶೀಯ ಉಡುಪು ಧರಿಸಿ, ದೇಶೀಯ ರೀತಿಯಲ್ಲಿ ಬದುಕಿದ ಅವರನ್ನು ಜನರು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. ಹಿಂದೂಗಳ ಆಚಾರಗಳನ್ನು ಕುರಿತ ಅವರ ಗ್ರಂಥ ಪ್ರಸಿದ್ಧವಾಗಿದೆ. ಬೆಳ್ಳಿಯ ಕರಡಿಗೆಯಲ್ಲಿ ಲಿಂಗ ಧರಿಸುವ ನಮ್ಮವರನ್ನೂ ಅದರಲ್ಲಿ ಅವರು ಬಣ್ಣಿಸಿದ್ದಾರೆ, ಬಹಳ ಪ್ರೀತಿಯಿಂದಲ್ಲ.

ದೇಶ ಬಿಟ್ಟ ವರ್ಷವೇ ಲಂಡನ್ನಿನಲ್ಲಿ ಅವರು ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳನ್ನು ಪ್ರಕಟಿಸಿದರು. ಅವರ ವಾದ ಕಠೋರವಾಗಿತ್ತು. ಇಷ್ಟು ವರ್ಷ ದುಡಿದೂ ತಾನು ಕ್ರೈಸ್ತರನ್ನಾಗಿಸಿದ್ದು ಇನ್ನೂರು ಮುನ್ನೂರು ಜನರನ್ನು, ಅವರಲ್ಲೂ ಮನಃಪೂರ್ವಕವಾಗಿ ಬಂದವರು ವಿರಳ. ತೇರು, ಮೆರವಣಿಗೆ, ಪ್ರತಿಮೆ, ತೀರ್ಥ, ಉಪವಾಸ, ಸಂತರ ಪ್ರಾರ್ಥನೆಗಳಿರುವ ಕ್ಯಾಥೊಲಿಕ್ ಪಂಥಕ್ಕೇ ಇಲ್ಲಿ ಈ ಗತಿಯಾದರೆ, ಇವೇನೂ ಇಲ್ಲದ ಪ್ರೊಟೆಸ್ಟಂಟ್ ಪಂಥಕ್ಕೆ ಹಿಂದೂಗಳಲ್ಲಿ ಯಾವ ಆಸೆಯೂ ಇಲ್ಲ. ದೇಶಭಾಷೆಗಳಿಗೆ ಬೈಬಲನ್ನು ಅನುವಾದಿಸಿ ಹಂಚುವುದರಿಂದಲೂ ಫಲವಿಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪ್ರೊಟೆಸ್ಟಂಟ್ ಮಿಷನರಿ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದ ಕಾಲವೇ ಅದು. ಮರುವರ್ಷ, 1824ರಲ್ಲಿ, ತಿರುನೆಲ್ವೇಲಿ ಸೀಮೆಯಲ್ಲಿ ಕೆಲಸ ಮಾಡಿದ್ದ ಜೇಮ್ಸ್ ಹಫ್ ಎಂಬ ಆಂಗ್ಲಿಕನ್ ಪಾದ್ರಿ ಪುಸ್ತಕರೂಪದಲ್ಲೇ ಉತ್ತರ ಕೊಟ್ಟರು. ಕಲ್ಕತ್ತೆಯಲ್ಲಿದ್ದ ಹೆನ್ರಿ ಟೌನ್ಲಿ ಇನ್ನೊಂದು ಉತ್ತರ ಬರೆದರು. ಜನರ ಕೈಗೆ ಶಾಸ್ತ್ರವನ್ನು ಕೊಡದೆ ಹೊರಗಿನ ಆಡಂಬರವನ್ನು ನೆಚ್ಚಿದ ಪಂಥ ಸೋತಿತೆಂದರೆ ಅದು ಶಾಸ್ತ್ರದ ಸೋಲಲ್ಲ ಎಂಬುದು ಪ್ರೊಟೆಸ್ಟಂಟ್ ಪಕ್ಷದ ಮರುವಾದದ ತಿರುಳು.

ಈ ವಾಗ್ವಾದವನ್ನು ಇಂದು ನೋಡಿದಾಗ ನಮಗೆ ಎರಡೂ ಪಕ್ಷಗಳು ಒಂದನ್ನು ಕಾಣಲಿಲ್ಲವೆನಿಸುತ್ತದೆ. ಈ ನಾಡಿನವರಿಗೆ ತೇರು, ಪ್ರತಿಮೆ, ಆಡಂಬರವಿಲ್ಲದೆ ಭಕ್ತಿಯೇ ತಿಳಿಯದು ಎಂದು ದುಬಾಯ್ ನಂಬಿದ್ದರು. ಸ್ಥಾವರ ದೇಗುಲವನ್ನು ಬಿಟ್ಟು, ಅಂಗೈಯ ಲಿಂಗದಲ್ಲಿ ನಿರಾಕಾರವನ್ನು ಕಂಡ 12ನೆಯ ಶತಮಾನದ ಶರಣರ ಸಂತತಿ ಅವರ ಕಣ್ಣೆದುರಿಗೇ ಇತ್ತು. ಇತ್ತ ಪ್ರೊಟೆಸ್ಟಂಟರು ಕೈಯಲ್ಲಿ ವಸ್ತುವಿದ್ದರೆ ಅದು ವಿಗ್ರಹವೇ ಎಂದು ಎಣಿಸಿದರು. ಕಣ್ಣು ಮೂಗುಗಳಿಲ್ಲದ, ಯಾವ ಮೂರ್ತಿಯನ್ನೂ ಹೋಲದ ಇಷ್ಟಲಿಂಗವೂ ಆ ಕಾಲದ ಮಿಷನರಿ ಬರಹಗಳಲ್ಲಿ ಸಾಮಾನ್ಯವಾಗಿ ವಿಗ್ರಹಗಳ ಪಟ್ಟಿಗೇ ಸೇರಿಹೋಯಿತು. ಕ್ಯಾಥೊಲಿಕನ ಜಪಸರವನ್ನು ಕಂಡು ‘ಇವರೂ ನಮ್ಮಂತೆಯೇ ವಿಗ್ರಹಾರಾಧಕರು’ ಎಂದೋ, ಪ್ರೊಟೆಸ್ಟಂಟನ ಬರಿಗೋಡೆಯನ್ನು ಕಂಡು ‘ಇವರಿಗೆ ಭಕ್ತಿಯಿಲ್ಲ’ ಎಂದೋ ನಾವು ಹೇಳಿದಾಗ, ನಮ್ಮ ವಿಷಯದಲ್ಲಿ ಅವರು ಮಾಡಿದ್ದನ್ನೇ ನಾವೂ ಮಾಡಿದಂತಾಗುತ್ತದೆ.

ದ್ವೇಷವೊಂದೇ ಈ ಕಥೆಯಲ್ಲ. ಮಂಗಳೂರಿನ ಜೆಸುಯಿಟ್ ಪಾದ್ರಿ ಮಾಫೆಯಿ ಅವರ ಕೊಂಕಣಿ ವ್ಯಾಕರಣ 1882ರಲ್ಲಿ ಅಚ್ಚಾದದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅದೇ ಮಿಷನ್ನಿನ ಮೋಗ್ಲಿಂಗ್ ಅವರು ಬಸವಪುರಾಣವನ್ನು ಅಚ್ಚು ಹಾಕಿಸಿದ್ದನ್ನು ನಮ್ಮ ಸಮಾಜ ನೆನೆಯಬೇಕು.

ಇಂದಿನ ಸ್ಥಿತಿ

1999ರ ಅಕ್ಟೋಬರ್ 31ರಂದು, ಲೂಥರ್ ವಾದಾಂಶ ಹೊರಡಿಸಿದ ದಿನದಂದೇ, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕ್ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಮುಕ್ತಿಯ ಕುರಿತು ಜಂಟಿ ಘೋಷಣೆಗೆ ಸಹಿ ಹಾಕಿದವು. ಮನುಷ್ಯನು ದೇವರಿಗೆ ಸ್ವೀಕೃತನಾಗುವುದು ಸ್ವಂತ ಅರ್ಹತೆಯಿಂದಲ್ಲ, ಕೃಪೆಯಿಂದ. ಆ ಕೃಪೆಯೇ ಅವನನ್ನು ಸತ್ಕರ್ಮಕ್ಕೆ ಕರೆಯುತ್ತದೆ ಎಂಬುದು ಅದರ ಸಾರ. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ಕ್ಯಾಲ್ವಿನ್ ಪರಂಪರೆಯ ಸಭೆಗಳು ಅದನ್ನು ಒಪ್ಪಿದವು. ಪಾಪನಿವೇದನೆ, ದಂಡದ ರಿಯಾಯಿತಿ, ಸಂತರ ಪ್ರಾರ್ಥನೆ, ಪೋಪರ ಅಧಿಕಾರ ಇವುಗಳಲ್ಲಿ ಒಪ್ಪಂದವಾಗಿಲ್ಲ. ಪೆಂತೆಕೋಸ್ತ ಹಾಗೂ ಸ್ವತಂತ್ರ ಸಭೆಗಳಲ್ಲಿ ಅನೇಕವು ಈ ಮಾತುಕತೆಯಿಂದಲೇ ಹೊರಗಿವೆ. ಹಳ್ಳಿಗಳಲ್ಲಿ ಇಂದು ಹೆಚ್ಚಾಗಿ ಕಾಣಿಸಿಕೊಳ್ಳುವವರು ಅವರೇ ಆದ್ದರಿಂದ, ಅವರ ಮಾತನ್ನೇ ಎಲ್ಲ ಕ್ರೈಸ್ತರ ಮಾತೆಂದು ತಿಳಿಯಬಾರದು.

ಮನೆಯ ಶುಭಕಾರ್ಯಕ್ಕೆ ಕ್ರೈಸ್ತ ಮಿತ್ರರನ್ನು ಕರೆದಾಗ ಅವರು ಊಟಕ್ಕೆ ಕುಳಿತು, ವಿಭೂತಿಯನ್ನೋ ಪ್ರಸಾದವನ್ನೋ ಬೇಡವೆಂದರೆ ಭಕ್ತರು ನೊಂದುಕೊಳ್ಳುವುದುಂಟು. ಅದು ಆತಿಥೇಯನಿಗೆ ತೋರಿದ ಅನಾದರವಲ್ಲ. ಅನ್ಯದೇವರಿಗೆ ಅರ್ಪಿಸಿದ್ದನ್ನು ಸ್ವೀಕರಿಸುವ ವಿಷಯದಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಿಂದಲೂ ಅವರಲ್ಲಿ ಸಂಕೋಚವಿದೆ. ಅದನ್ನು ಎಷ್ಟು ಬಿಗಿಯಾಗಿ ಪಾಲಿಸುತ್ತಾರೆಂಬುದು ಪಂಥದಿಂದ ಪಂಥಕ್ಕೆ, ಮನೆಯಿಂದ ಮನೆಗೆ ಬೇರೆ. ಅವರವರ ನಡುವೆಯೂ ಇಂಥ ಗೆರೆ ಇದೆ. ಕ್ಯಾಥೊಲಿಕ್ ವಧುವಿಗೂ ಪ್ರೊಟೆಸ್ಟಂಟ್ ವರನಿಗೂ ದೇವಾಲಯದಲ್ಲಿ ಮದುವೆಯಾಗಬೇಕಾದರೆ ಕ್ಯಾಥೊಲಿಕ್ ಧರ್ಮಾಧಿಕಾರಿಯ ಅನುಮತಿ ಬೇಕು. ಮದುವೆಯಾದ ಮೇಲೆಯೂ ಭಾನುವಾರದ ಬಲಿಪೂಜೆಯಲ್ಲಿ ಪರಮಪ್ರಸಾದದ ಸಾಲು ಹೊರಟಾಗ ಪತ್ನಿ ಎದ್ದು ಹೋಗುತ್ತಾಳೆ, ಪತಿ ಸಾಮಾನ್ಯವಾಗಿ ಬೆಂಚಿನಲ್ಲೇ ಕುಳಿತಿರುತ್ತಾನೆ.